ಆಟಕ್ಕೆ ಬಿಡಿ, ಆಡಿಸಬೇಡಿ

ಮಕ್ಕಳ ಆಟದ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವರ ಪ್ರಶ್ನೆ ಒಂದೇ: ‘ಬುದ್ಧಿ ಚುರುಕಾಗಲು ಯಾವ ಆಟಿಕೆ ಕೊಡಿಸಬೇಕು?’ ಅವರಿಗೆಲ್ಲ ಒಟ್ಟಿಗೇ ಹೇಳಿಬಿಡುತ್ತೇನೆ. ಯಾವುದೂ ಬೇಡ. ಆ ದುಡ್ಡು ಉಳಿಸಿ, ಸಂಜೆ ಮಗುವನ್ನು ಹೊರಗೆ ಬಿಡಿ. ಇನ್ನು ಉಳಿದ ಪತ್ರಗಳು.

● ನನ್ನ ಮಗನಿಗೆ ನಾಲ್ಕೂವರೆ ವರ್ಷ. ನಮ್ಮ ಮನೆ ಹನ್ನೊಂದನೇ ಮಹಡಿಯಲ್ಲಿದೆ. ಕೆಳಗೆ ಆಟದ ಜಾಗವಿದೆ, ಆದರೆ ಚೆಂಡು ತರಬಾರದು, ಸೈಕಲ್ ಓಡಿಸಬಾರದು ಎಂದು ಅಸೋಸಿಯೇಷನ್ ಬೋರ್ಡ್ ಹಾಕಿದೆ. ಹಾಗಾಗಿ ಮನೆಯಲ್ಲೇ ಇರುತ್ತಾನೆ. ಬ್ಲಾಕ್ಸ್, ಪಝಲ್, ಟ್ಯಾಬ್ ಎಲ್ಲ ಇವೆ. ಈಗ ಎಲ್‌ಕೆಜಿ ಮಿಸ್, ‘ಪೆನ್ಸಿಲ್ ಸರಿಯಾಗಿ ಹಿಡಿಯೋಲ್ಲ, ಐದು ನಿಮಿಷ ಒಂದು ಕಡೆ ಕೂರೋಲ್ಲ’ ಎನ್ನುತ್ತಾರೆ. ದಿನಾ ಕೂರಿಸಿ ಬರೆಸಲೇ?
— ಒಬ್ಬ ತಾಯಿ, ವೈಟ್‌ಫೀಲ್ಡ್, ಬೆಂಗಳೂರು

ಬರೆಸಬೇಡಿ. ಅವನ ಕೈ ಇನ್ನೂ ಬರವಣಿಗೆಗೆ ತಯಾರಾಗಿಲ್ಲ, ಅಷ್ಟೆ. ಮಗುವಿನ ಮೈ ಹದಕ್ಕೆ ಬರುವುದು ಒಳಗಿನಿಂದ ಹೊರಕ್ಕೆ. ಮೊದಲು ಕತ್ತು, ಬೆನ್ನು, ಹೊಟ್ಟೆಯ ಸ್ನಾಯುಗಳು ಗಟ್ಟಿಯಾಗಬೇಕು, ಆಮೇಲೆ ಹೆಗಲು, ಮೊಣಕೈ, ಮಣಿಕಟ್ಟು. ಬೆರಳಿನ ಸರದಿ ಕೊನೆಗೆ. ಹೆಗಲು ಅಲುಗಾಡುತ್ತಿದ್ದರೆ ಬೆರಳು ಗೆರೆಯ ಮೇಲೆ ನಿಲ್ಲುವುದಿಲ್ಲ. ಹೆಗಲು ಗಟ್ಟಿಯಾಗುವುದು ಸರಳಿಗೆ ಜೋತುಬಿದ್ದಾಗ, ಏಣಿ ಹತ್ತಿದಾಗ, ನೀರು ತುಂಬಿದ ಚಿಕ್ಕ ಬಕೆಟ್ ಹೊತ್ತಾಗ. ಬೆರಳಿಗೆ ಬಲ ಬರುವುದು ಒದ್ದೆ ಮಣ್ಣು ಕಲಸಿ, ಕಲ್ಲು ಆರಿಸಿ, ಕಡ್ಡಿ ಮುರಿದಾಗ. ಪುಸ್ತಕದಲ್ಲಿ ‘ಅ’ ತಿದ್ದಿಸಿದರೆ ಇದಾವುದೂ ಆಗುವುದಿಲ್ಲ, ಪೆನ್ಸಿಲ್ ಕಂಡರೆ ಅಳು ಶುರುವಾಗುತ್ತದೆ.

ಒಂದು ಕಡೆ ಕೂರುವುದಿಲ್ಲ ಎಂಬ ದೂರಿನ ಬೇರೂ ಅಲ್ಲೇ ಇದೆ. ಮೈಯ ಸಮತೋಲ ನೋಡಿಕೊಳ್ಳುವ ಪುಟ್ಟ ಅಂಗ ಒಳಗಿವಿಯಲ್ಲಿದೆ. ಉಯ್ಯಾಲೆ ಆಡಿದಾಗ, ಗಿರಗಿರನೆ ಸುತ್ತಿ ಬಿದ್ದಾಗ, ಇಳಿಜಾರಿನಲ್ಲಿ ಉರುಳಿದಾಗ ಅದಕ್ಕೆ ಪಾಠವಾಗುತ್ತದೆ. ಈ ಪಾಠ ಸಾಲದೆ ಬಂದ ಮಗು ಕುರ್ಚಿಯಲ್ಲಿ ಕೂತಲ್ಲೇ ಹೊರಳಾಡುತ್ತದೆ, ಕಾಲು ಆಡಿಸುತ್ತದೆ, ಕೆಳಗಿಳಿಯುತ್ತದೆ. ಮಿಸ್‌ಗೆ ಅದು ತುಂಟತನವಾಗಿ ಕಾಣುತ್ತದೆ.

ಮೂರು, ನಾಲ್ಕು ವರ್ಷದ ಮಕ್ಕಳು ದಿನಕ್ಕೆ ಕನಿಷ್ಠ ಮೂರು ಗಂಟೆ ಮೈ ಆಡಿಸಬೇಕು, ಅದರಲ್ಲಿ ಒಂದು ಗಂಟೆಯಾದರೂ ಏದುಸಿರು ಬರುವಂತೆ ಓಡಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಪರದೆಯ ಮುಂದೆ ಒಂದು ಗಂಟೆ ದಾಟಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಮೂರು ಗಂಟೆ ಎಂದಕೂಡಲೇ ಗಾಬರಿ ಬೇಡ, ಒಂದೇ ಸಲಕ್ಕೆ ಆಗಬೇಕಿಲ್ಲ. ಸ್ಕೂಲಿಗೆ ನಡೆದು ಹೋಗುವುದು, ಲಿಫ್ಟ್ ಬಿಟ್ಟು ನಾಲ್ಕು ಮಹಡಿ ಮೆಟ್ಟಿಲಿಳಿಯುವುದು, ಸಂಜೆ ಒಂದೂವರೆ ಗಂಟೆ ಕೆಳಗಿರುವುದು, ಎಲ್ಲ ಸೇರಿ ಲೆಕ್ಕ.

ನಿಮ್ಮ ಅಸೋಸಿಯೇಷನ್ನಿನದು ವಿಚಿತ್ರ ನ್ಯಾಯ. ಆಟದ ಜಾಗ ಕಟ್ಟಿ, ಆಟ ನಿಷೇಧಿಸಿದೆ. ಇದು ನಿಮ್ಮೊಬ್ಬರ ಕಷ್ಟವಾಗಿರಲಾರದು. ನಾಲ್ಕು ಮನೆಯವರು ಸೇರಿ ಮುಂದಿನ ಸಭೆಯಲ್ಲಿ ಎರಡು ಮಾತು ಕೇಳಿ. ಮೆತ್ತನೆಯ ಚೆಂಡಿಗೂ ಸೈಕಲ್ಲಿಗೂ ಸಂಜೆ ಎರಡು ಗಂಟೆ ಬಿಟ್ಟುಕೊಡಲಿ. ರಬ್ಬರ್ ಹಾಸಿನ ಒಂದು ಮೂಲೆ ಕಿತ್ತು ಒಂದು ಟ್ರ್ಯಾಕ್ಟರ್ ಮರಳು ಸುರಿಯಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಆಲ್ಡೊ ವಾನ್ ಐಕ್ ಎಂಬ ವಾಸ್ತುಶಿಲ್ಪಿ 1947ರಿಂದ ಮೂರು ದಶಕ ಖಾಲಿ ನಿವೇಶನ, ಬೀದಿಯ ಮೂಲೆಗಳಲ್ಲಿ 700ಕ್ಕೂ ಹೆಚ್ಚು ಆಟದ ಜಾಗ ಮಾಡಿದರು. ಅಲ್ಲಿದ್ದುದು ಮರಳಗುಂಡಿ, ಜೋತುಬೀಳಲು ಕಬ್ಬಿಣದ ಸರಳು, ನೆಗೆಯಲು ಸಿಮೆಂಟಿನ ದಿಮ್ಮಿಗಳು. ಆನೆ, ಜಿರಾಫೆಗಳ ಬಣ್ಣದ ಬೊಂಬೆ ಇರಲಿಲ್ಲ. ಆನೆಯ ಬೊಂಬೆ ಎಂದೂ ಆನೆಯೇ, ದಿಮ್ಮಿ ಇವತ್ತು ಬಸ್ಸು, ನಾಳೆ ಅಂಗಡಿ.

ಒಂದು ಎಚ್ಚರಿಕೆ. ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಹತ್ತಲು ಬಾರದಿದ್ದರೆ, ಎರಡೂ ಕಾಲು ಎತ್ತಿ ನೆಗೆಯಲಾಗದಿದ್ದರೆ, ಪದೇ ಪದೇ ಬೀಳುತ್ತಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಇಲ್ಲವಾದರೆ ಮೂರು ತಿಂಗಳು ಮರಳಲ್ಲಿ ಬಿಟ್ಟು, ಆಮೇಲೆ ಮಿಸ್ ಬಳಿ ಮಾತಾಡಿ.

● ಎಂಟು ವರ್ಷದ ಮಗಳಿಗೆ ದೂರದ ಬೋರ್ಡ್ ಕಾಣುತ್ತಿರಲಿಲ್ಲ. ಕಣ್ಣಿನ ಡಾಕ್ಟರು ಕನ್ನಡಕ ಕೊಟ್ಟು, ‘ದಿನಾ ಎರಡು ಗಂಟೆ ಬಯಲಲ್ಲಿ ಆಡಲಿ’ ಎಂದರು. ಬಿಸಿಲಿಗೆ ಕಣ್ಣು ಇನ್ನೂ ಕೆಡುವುದಿಲ್ಲವೇ? ನಮ್ಮ ತಾಯಿ ದಿನಾ ಕ್ಯಾರೆಟ್ ತಿನ್ನಿಸುತ್ತಿದ್ದಾರೆ. ಅವಳ ತಮ್ಮನಿಗೆ ಈಗ ಐದು ವರ್ಷ.
— ದಾವಣಗೆರೆಯ ತಂದೆ

ಡಾಕ್ಟರು ಹೇಳಿದ್ದು ಸರಿ. ಸಮೀಪದೃಷ್ಟಿ ಎಂದರೆ ಕಣ್ಣುಗುಡ್ಡೆ ಬೇಕಾದುದಕ್ಕಿಂತ ಉದ್ದ ಬೆಳೆಯುವುದು. ಕಣ್ಣಿಗೆ ಪ್ರಖರ ಬೆಳಕು ಬಿದ್ದಾಗ ಅಕ್ಷಿಪಟದಲ್ಲಿ ಡೋಪಮಿನ್ ಸ್ರವಿಸುತ್ತದೆ, ಅದು ಈ ಉದ್ದಬೆಳವಣಿಗೆಗೆ ಕಡಿವಾಣ ಹಾಕುತ್ತದೆ ಎಂಬುದು ಈಗ ಹೆಚ್ಚಿನ ತಜ್ಞರು ಒಪ್ಪುವ ವಿವರಣೆ. ಟ್ಯೂಬ್‌ಲೈಟ್ ಉರಿಯುವ ಕೋಣೆಯಲ್ಲಿ ಬೆಳಕು 300ರಿಂದ 500 ಲಕ್ಸ್. ಹೊರಗೆ ಮರದ ನೆರಳಲ್ಲೂ ಅದು ಸಾವಿರಗಳಲ್ಲಿರುತ್ತದೆ, ಬಯಲಲ್ಲಿ ಹತ್ತು ಸಾವಿರ ದಾಟುತ್ತದೆ. ನಮ್ಮ ಕಣ್ಣು ಬೇಗ ಹೊಂದಿಕೊಳ್ಳುವುದರಿಂದ ಈ ಅಂತರ ನಮಗೆ ಗೊತ್ತಾಗುವುದಿಲ್ಲ.

ಚೀನಾದ ಗ್ವಾಂಗ್‌ಝೌ ನಗರದ 12 ಶಾಲೆಗಳಲ್ಲಿ ಇದನ್ನು ಪರೀಕ್ಷಿಸಿ ನೋಡಿದರು. ಆರು ಶಾಲೆಗಳ ಒಂದನೇ ತರಗತಿಯ ಮಕ್ಕಳಿಗೆ ದಿನಾ 40 ನಿಮಿಷ ಹೆಚ್ಚುವರಿಯಾಗಿ ಹೊರಾಂಗಣದ ತರಗತಿ, ಉಳಿದವರಿಗೆ ಎಂದಿನ ವೇಳಾಪಟ್ಟಿ. ಮೂರು ವರ್ಷದ ಬಳಿಕ ಎಂದಿನಂತೆ ಇದ್ದವರಲ್ಲಿ ನೂರಕ್ಕೆ 39.5 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂದಿತ್ತು, ಹೊರಗೆ ಹೋದವರಲ್ಲಿ 30.4. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ತೈವಾನ್ 2010ರಿಂದಲೇ ಶಾಲಾ ಮಕ್ಕಳಿಗೆ ದಿನಕ್ಕೆ 120 ನಿಮಿಷದ ಹೊರಾಂಗಣ ಎಂಬ ಗುರಿ ಇಟ್ಟುಕೊಂಡಿದೆ.

ಆದರೆ ಒಂದು ಮಾತು ಸ್ಪಷ್ಟವಾಗಿರಲಿ. ಬೆಳಕು ಕೆಲಸ ಮಾಡುವುದು ಹೆಚ್ಚಾಗಿ ಸಮೀಪದೃಷ್ಟಿ ಬರದಂತೆ ತಡೆಯುವುದರಲ್ಲಿ. ಬಂದುಬಿಟ್ಟ ಮೇಲೆ ಅದರ ಪ್ರಯೋಜನ ಕಡಿಮೆ. ಆದ್ದರಿಂದ ಮಗಳು ಕನ್ನಡಕ ಬಿಡಕೂಡದು, ಆಡುವಾಗಲೂ ಹಾಕಿಕೊಳ್ಳಲಿ. ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟ್ ಮಸೂರ, ಹಿಂದೆ ಒಂದು ಪಟ್ಟಿ ಇದ್ದರೆ ಸಾಕು. ನೀವು ಹೆಚ್ಚು ಹಟ ಹಿಡಿಯಬೇಕಾದದ್ದು ಐದು ವರ್ಷದ ತಮ್ಮನ ವಿಷಯದಲ್ಲಿ. ದಾವಣಗೆರೆಯ ಏಪ್ರಿಲ್ ಬಿಸಿಲಿನಲ್ಲಿ ಮಧ್ಯಾಹ್ನ ನಿಲ್ಲಿಸಿ ಎಂದು ನಾನು ಹೇಳುತ್ತಿಲ್ಲ. ಬೆಳಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕೂವರೆ ಮೇಲೆ, ನೆರಳಲ್ಲಿ, ತಲೆಗೊಂದು ಟೋಪಿ ಹಾಕಿಕೊಂಡರೂ ಬೆಳಕು ಸಾಕಷ್ಟು ಸಿಗುತ್ತದೆ. ಸೂರ್ಯನನ್ನು ನೇರ ನೋಡಬಾರದು ಎಂದು ಮಾತ್ರ ಹೇಳಿಕೊಡಿ.

ಅಜ್ಜಿಯ ಕ್ಯಾರೆಟ್ ತಿನ್ನಲಿ, ಒಳ್ಳೆಯದೇ. ವಿಟಮಿನ್ ಎ ಕೊರತೆಯ ಇರುಳುಗಣ್ಣಿಗೆ ಅದು ಮದ್ದು, ಸಮೀಪದೃಷ್ಟಿಗೆ ಅಲ್ಲ.

● ಅಡಕೆ ತೋಟದ ಮನೆ ನಮ್ಮದು. ಬೇಸಿಗೆ ರಜೆಗೆ ಮೊಮ್ಮಕ್ಕಳು ಬೆಂಗಳೂರಿನಿಂದ ಬರುತ್ತವೆ. ಪೇರಲೆ ಮರ ಹತ್ತಿದರೆ ಸಾಕು, ನನ್ನ ಮಗಳು ಕೂಗಿ ಊರು ಒಂದು ಮಾಡುತ್ತಾಳೆ. ನಾವೆಲ್ಲ ಹತ್ತಿಯೇ ಬೆಳೆದವರು ಎಂದರೆ ‘ನಿಮ್ಮ ಕಾಲ ಬೇರೆ ಅಪ್ಪಯ್ಯ’ ಎನ್ನುತ್ತಾಳೆ. ಯಾರದು ಸರಿ?
— ಒಬ್ಬ ಅಜ್ಜ, ತೀರ್ಥಹಳ್ಳಿ ತಾಲ್ಲೂಕು

ಮರದ ವಿಷಯದಲ್ಲಿ ತಾವು ಸರಿ. ತೋಟದ ವಿಷಯದಲ್ಲಿ ಮಗಳ ಭಯಕ್ಕೂ ಕಾರಣವಿದೆ.

ಮಕ್ಕಳು ತಾವಾಗಿಯೇ ಅರಸಿಕೊಂಡು ಹೋಗುವ ಅಪಾಯದ ಆಟಗಳನ್ನು ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಆರು ಬಗೆಯಾಗಿ ವಿಂಗಡಿಸಿದ್ದಾರೆ: ಎತ್ತರ, ವೇಗ, ಕತ್ತಿ ಸುತ್ತಿಗೆಯಂಥ ಹತ್ಯಾರು, ಬೆಂಕಿ ನೀರಿನ ಸಮೀಪ, ಕುಸ್ತಿ, ಒಬ್ಬರೇ ಕಣ್ಮರೆಯಾಗುವುದು. ನಮ್ಮ ಮರಕೋತಿ, ಕಣ್ಣಾಮುಚ್ಚಾಲೆಗಳಲ್ಲಿ ಇವುಗಳಲ್ಲಿ ಒಂದೆರಡು ಸದಾ ಇರುತ್ತವೆ. ಹೆದರಿಕೆಯನ್ನು ಸ್ವಲ್ಪ ಸ್ವಲ್ಪವೇ ನುಂಗಿ ಅರಗಿಸಿಕೊಳ್ಳಲು ಮಗುವಿಗೆ ಇರುವ ದಾರಿ ಇದೇ. ಯಾವ ಕೊಂಬೆ ತಡೆಯುತ್ತದೆ, ಎಲ್ಲಿಗೆ ನಿಲ್ಲಿಸಬೇಕು ಎಂಬ ಅಂದಾಜು ಹತ್ತಿದವರಿಗೆ ಮಾತ್ರ ಬರುತ್ತದೆ. ನಿಯಮ ಒಂದೇ ಇಟ್ಟುಕೊಳ್ಳಿ: ಮಗು ತಾನೇ ಹತ್ತಿದಷ್ಟು ಎತ್ತರ ಹತ್ತಲಿ, ಯಾರೂ ಎತ್ತಿ ಕೊಂಬೆಯ ಮೇಲೆ ಕೂರಿಸಬಾರದು. ಪೇರಲೆ ಗಟ್ಟಿ ಮರ, ಬಾಗುತ್ತದೆಯೇ ಹೊರತು ಬೇಗ ಮುರಿಯುವುದಿಲ್ಲ. ನುಗ್ಗೆ ಮರದ ಬಳಿ ಮಾತ್ರ ಸುಳಿಯಗೊಡಬೇಡಿ. ಮಳೆ ಬಂದು ಕೊಂಬೆ ಜಾರುವಾಗ ಯಾವುದೂ ಬೇಡ. ಇದೆಲ್ಲ ತಮಗೆ ಗೊತ್ತಿರುವುದೇ. ಮಗಳಿಗೆ ಓದಿ ಹೇಳಲಿ ಎಂದು ಬರೆದೆ.

ಮಗುವಿನ ಕಣ್ಣಿಗೆ ಕಾಣದ ಅಪಾಯ ಬೇರೆ, ಅದಕ್ಕೆ ದೊಡ್ಡವರೇ ಹೊಣೆ. ಕಟ್ಟೆ ಇಲ್ಲದ ಬಾವಿ, ಬೇಲಿ ಇಲ್ಲದ ಕೃಷಿ ಹೊಂಡ ಮೊದಲನೆಯವು. ಹೊಂಡದ ಪ್ಲಾಸ್ಟಿಕ್ ಹಾಸು ಜಾರುವುದರಿಂದ ಈಜು ಬರುವವನಿಗೂ ಮೇಲೆ ಹತ್ತಲಾಗುವುದಿಲ್ಲ. ಬೋರ್ಡೋ ಕಲಸಲು ತಂದಿಟ್ಟ ಮೈಲುತುತ್ತು ಪುಟ್ಟ ಮಕ್ಕಳಿಗೆ ನೀಲಿ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಕಳೆನಾಶಕವನ್ನು ತಂಪುಪಾನೀಯದ ಬಾಟಲಿಗೆ ಸುರಿದಿಡುವ ಅಭ್ಯಾಸ ನಮ್ಮ ಕಡೆ ಇನ್ನೂ ಹೋಗಿಲ್ಲ. ಅಲ್ಯೂಮಿನಿಯಂ ದೋಟಿ ಮಕ್ಕಳ ಕೈಗೆ ಸಿಗಬಾರದು, ಮೇಲೆ ಕರೆಂಟ್ ತಂತಿ ಇರುತ್ತದೆ. ಜೊತೆಗೆ ಬೇಸಿಗೆಯಲ್ಲಿ ತಮ್ಮ ಸೀಮೆಗೆ ಮಂಗನ ಕಾಯಿಲೆಯ ಕಾಟ ಉಂಟು. ಮಂಗ ಸತ್ತ ಸುದ್ದಿ ಇರುವ ಕಾಡಿಗೆ ಮಕ್ಕಳು ಕಾಲಿಡಬಾರದು. ಆ ಕಾಯಿಲೆ ಹರಡುವ ಉಣ್ಣೆ ಹತ್ತುವ ಜಾಗಕ್ಕೆ ಹೋಗುವ ಮುಂಚೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆಯನ್ನು ಮಕ್ಕಳಿಗೆ ಹಚ್ಚಬಹುದೇ ಎಂದು ಅವರನ್ನೇ ಕೇಳಿ. ಮರಳಿದ ಮೇಲೆ ಬಟ್ಟೆ ಬದಲಿಸಿ, ಬಿಸಿನೀರಿನಲ್ಲಿ ಮೀಯಿಸಿ, ಕಂಕುಳು, ಕಿವಿಯ ಹಿಂದೆ ನೋಡಿ.

ಬಿದ್ದರೆ? ತರಚುಗಾಯಕ್ಕೆ ಸೋಪು ನೀರು ಸಾಕು, ಧನುರ್ವಾಯು ಲಸಿಕೆ ವಯಸ್ಸಿಗೆ ತಕ್ಕಂತೆ ಆಗಿದೆಯೇ ಎಂದು ಕಾರ್ಡ್ ನೋಡಿ. ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿದರೆ, ಪದೇ ಪದೇ ವಾಂತಿಯಾದರೆ, ಎಬ್ಬಿಸಿದರೂ ಮಂಪರು ಹೋಗದಿದ್ದರೆ, ಫಿಟ್ಸ್ ಬಂದರೆ, ಕಿವಿ ಮೂಗಿನಿಂದ ನೀರೋ ರಕ್ತವೋ ಸೋರಿದರೆ ಒಂದು ಕ್ಷಣ ತಡಮಾಡದೆ ದೊಡ್ಡಾಸ್ಪತ್ರೆಗೆ ಹೊರಡಿ.

● ನಮ್ಮೂರಲ್ಲಿ ನಾಲ್ಕು ತಿಂಗಳು ಮಳೆ. ಮಕ್ಕಳು ನೆನೆದರೆ ಶೀತ ಎಂದು ಒಳಗೇ ಇಡುತ್ತೇವೆ. ಬೇರೆ ದಾರಿ ಇದೆಯೇ?
— ಉಡುಪಿ

ಶೀತ ಬರುವುದು ವೈರಸ್ಸಿನಿಂದ. ಅದು ಹೆಚ್ಚು ಹರಡುವುದು ಬಾಗಿಲು ಮುಚ್ಚಿದ, ಜನ ತುಂಬಿದ ಕೋಣೆಯಲ್ಲಿ. ರೈನ್‌ಕೋಟ್ ಹಾಕಿ ಅಂಗಳಕ್ಕೆ ಬಿಡಿ, ಬಂದ ಮೇಲೆ ತಲೆ ಒರೆಸಿ. ಗುಡುಗು ಕೇಳಿದ ಕೂಡಲೇ ಒಳಗೆ ಬರಬೇಕು. ಕಾಲಿನಲ್ಲಿ ಗಾಯ ಇದ್ದಾಗ ನಿಂತ ನೀರಿಗೆ ಇಳಿಯಬಾರದು, ಕರಾವಳಿಯಲ್ಲಿ ಇಲಿಜ್ವರ ಇರುತ್ತದೆ. ಜಡಿಮಳೆಯ ದಿನಕ್ಕೆ ಚೆನ್ನೆಮಣೆ ಇದ್ದೇ ಇದೆಯಲ್ಲ.

● ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ನಮಗೆ ಮೈದಾನವಿಲ್ಲ. ಇರುವ ಒಂದು ಆಟದ ಪಿರಿಯಡ್ಡನ್ನೂ ಗಣಿತಕ್ಕೆ ತೆಗೆದುಕೊಳ್ಳುತ್ತಾರೆ. ಹೋಂವರ್ಕ್ ಮಾಡದವರನ್ನು ಆಟಕ್ಕೆ ಬಿಡುವುದಿಲ್ಲ. ನಾನೊಬ್ಬಳು ಏನು ಮಾಡಲಿ?
— ಯಾದಗಿರಿ ಜಿಲ್ಲೆ

ಮೇಡಂ, ಕಾನೂನು ನಿಮ್ಮ ಕಡೆ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶೌಚಾಲಯ, ಕುಡಿಯುವ ನೀರಿನ ಜೊತೆಗೇ ಆಟದ ಮೈದಾನ, ಆಟದ ಸಾಮಗ್ರಿಯ ಹೆಸರಿದೆ. ಆರರಿಂದ ಎಂಟನೇ ತರಗತಿಯಲ್ಲಿ ನೂರಕ್ಕಿಂತ ಹೆಚ್ಚು ಮಕ್ಕಳಿದ್ದರೆ ಆರೋಗ್ಯ ಮತ್ತು ದೈಹಿಕ ಶಿಕ್ಷಣಕ್ಕೆ ಅರೆಕಾಲಿಕ ಬೋಧಕರು ಬೇಕು ಎಂದೂ ಇದೆ. ಎಸ್‌ಡಿಎಂಸಿ ಸಭೆಯ ನಡಾವಳಿಯಲ್ಲಿ ಇದನ್ನು ಬರೆಸಿ, ಪಂಚಾಯಿತಿಗೆ ಕಳಿಸಿ. ಹಲವು ಪಂಚಾಯಿತಿಗಳು ಉದ್ಯೋಗ ಖಾತ್ರಿಯ ಕಾಮಗಾರಿಯಲ್ಲಿ ಶಾಲಾ ಮೈದಾನ ಸಮ ಮಾಡಿಸಿ, ಕಾಂಪೌಂಡ್ ಕಟ್ಟಿಸಿವೆ. ಅದಕ್ಕಿಂತ ಬಲವಾದ ದಾರಿ ಮಕ್ಕಳ ಗ್ರಾಮಸಭೆ. ಏಳನೇ ತರಗತಿಯ ಹುಡುಗಿ ಎದ್ದು ನಿಂತು ‘ನಮಗೆ ಆಡಲು ಜಾಗ ಎಲ್ಲಿ?’ ಎಂದರೆ ಪಿಡಿಒ ಉತ್ತರ ಹೇಳಲೇಬೇಕು. ಪ್ರಶ್ನೆಯನ್ನು ಮಕ್ಕಳಿಂದಲೇ ಬರೆಸಿ.

ಅಲ್ಲಿಯವರೆಗೆ ಬೇವಿನ ಮರದ ಅಡಿಯ ನೆರಳೇ ಮೈದಾನ. ಕುಂಟಾಬಿಲ್ಲೆ, ಲಗೋರಿ, ಖೋಖೋಗೆ ಎಷ್ಟು ಜಾಗ ಬೇಕು! ನಿಮ್ಮ ಕಡೆಯ ಬಿಸಿಲಿಗೆ ಮಾರ್ಚ್‌ನಿಂದ ಆಟ ಪ್ರಾರ್ಥನೆಗೆ ಮುಂಚೆಯೇ ಮುಗಿಯಲಿ, ಅರ್ಧ ಗಂಟೆಗೊಮ್ಮೆ ನೀರು ಕುಡಿಸಿ.

ಗಣಿತದ ಸಹೋದ್ಯೋಗಿಗೆ ಹೀಗೆ ಹೇಳಿ. ಫಿನ್ಲೆಂಡಿನ ಶಾಲೆಗಳಲ್ಲಿ 45 ನಿಮಿಷದ ಪಾಠಕ್ಕೆ 15 ನಿಮಿಷದ ಬಿಡುವು ರೂಢಿ. ಆ ದೇಶ ಗಣಿತದಲ್ಲೇನೂ ದಡ್ಡ ಎನಿಸಿಕೊಂಡಿಲ್ಲ. ಆಟದ ಬಿಡುವನ್ನು ಶಿಕ್ಷೆಯಾಗಿ ಕಿತ್ತುಕೊಳ್ಳಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2013ರಲ್ಲೇ ಹೇಳಿದೆ. ಹೋಂವರ್ಕ್ ಮಾಡದೆ ಬರುವ ಮಗುವಿಗೇ ಆಟ ಹೆಚ್ಚು ಬೇಕು, ಮನೆಯಲ್ಲಿ ಅದಕ್ಕೆ ಏನೇನು ಕೆಲಸ ಕಾದಿರುತ್ತದೋ ನಿಮಗೇ ಗೊತ್ತು.

● ಮಗಳಿಗೆ 12 ವರ್ಷ. ಖೋಖೋ ಚೆನ್ನಾಗಿ ಆಡುತ್ತಿದ್ದಳು. ದೊಡ್ಡವಳಾದ ಮೇಲೆ ಅತ್ತೆ ಹೊರಗೆ ಆಡಲು ಬಿಡುತ್ತಿಲ್ಲ. ನನಗೂ ಓಣಿಯ ಹುಡುಗರ ಹೆದರಿಕೆ. ತೂಕ ಹೆಚ್ಚಾಗುತ್ತಿದೆ.
— ಹುಬ್ಬಳ್ಳಿ

ಮುಟ್ಟು ಶುರುವಾಯಿತೆಂದು ಆಟ ನಿಲ್ಲಿಸಲು ವೈದ್ಯಶಾಸ್ತ್ರದಲ್ಲಿ ಯಾವ ಕಾರಣವೂ ಇಲ್ಲ. ಮುಟ್ಟಿನ ದಿನಗಳಲ್ಲೂ ಆಡಬಹುದು, ಎಷ್ಟೋ ಹುಡುಗಿಯರಿಗೆ ಓಡಾಡಿದರೆ ಹೊಟ್ಟೆನೋವು ಇಳಿಯುತ್ತದೆ. ಎಲುಬಿನ ಗಟ್ಟಿತನದ ದೊಡ್ಡ ಪಾಲು ಕೂಡಿಕೊಳ್ಳುವುದು ಈ ಹರೆಯದಲ್ಲೇ. ಈಗ ನೆಗೆಯದೆ ಕೂತರೆ ಅದರ ನಷ್ಟ ಅತ್ತೆಯವರ ವಯಸ್ಸಿಗೆ ಬಂದಾಗ ಗೊತ್ತಾಗುತ್ತದೆ. ಅತ್ತೆಯವರಿಗೆ ಮೊಣಕಾಲು ನೋವಿದ್ದರೆ ಈ ಮಾತು ಬೇಗ ತಿಳಿದೀತು.

ಜಗತ್ತಿನಾದ್ಯಂತ 11ರಿಂದ 17 ವರ್ಷದ ಹುಡುಗಿಯರಲ್ಲಿ ನೂರಕ್ಕೆ 85 ಮಂದಿಗೆ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧಕರು 2019ರಲ್ಲಿ ಲೆಕ್ಕ ಕೊಟ್ಟರು. ಹುಡುಗರಲ್ಲಿ ಅದು 78. ಓಣಿಯ ಹುಡುಗರ ಹೆದರಿಕೆ ಸುಳ್ಳಲ್ಲ. ಅದಕ್ಕೆ ಮಗಳನ್ನು ಒಳಗೆ ಕೂರಿಸುವುದು ಪರಿಹಾರವಲ್ಲ, ಓಣಿಯ ಐದಾರು ಹುಡುಗಿಯರನ್ನು ಒಟ್ಟಿಗೆ ಹೊರಡಿಸುವುದು ಪರಿಹಾರ. ತಾಯಂದಿರು ಸರದಿಯ ಮೇಲೆ ಮೈದಾನದ ಅಂಚಿನಲ್ಲಿ ಕೂರಿ. ಶಾಲೆಯ ಖೋಖೋ ತಂಡವಿದ್ದರೆ ನಾಳೆಯೇ ಹೆಸರು ಕೊಡಿಸಿ.

● ನನಗೆ 10 ವರ್ಷ. ಬೆಳಗ್ಗೆ 5.30ಕ್ಕೆ ಎದ್ದು ಕ್ರಿಕೆಟ್ ಕೋಚಿಂಗ್‌ಗೆ ಹೋಗುತ್ತೇನೆ. ಸಂಜೆ ಅಬಾಕಸ್, ಭಾನುವಾರ ಈಜು. ನಮ್ಮ ಬೀದಿಯ ಹುಡುಗರು ಖಾಲಿ ಸೈಟಿನಲ್ಲಿ ಆಡುತ್ತಾರೆ. ನನಗೆ ಅಲ್ಲಿಗೆ ಹೋಗಬೇಕು. ಅಪ್ಪನಿಗೆ ನೀವೇ ಹೇಳಿ.
— ಮೈಸೂರು

ಹೇಳುತ್ತೇನೆ ಪುಟ್ಟಾ. ಈ ಪುಟವನ್ನು ಹಾಗೇ ಅಪ್ಪನ ಕೈಗೆ ಕೊಡು.

ಸ್ವಾಮಿ, ಕೋಚಿಂಗ್ ತಪ್ಪಲ್ಲ. ಆದರೆ ಅದು ಪಾಠ, ಆಟವಲ್ಲ. ಅಲ್ಲಿ ಯಾವಾಗ ಬ್ಯಾಟ್ ಹಿಡಿಯಬೇಕು, ಎಲ್ಲಿ ನಿಲ್ಲಬೇಕು ಎಂದು ಕೋಚ್ ಹೇಳುತ್ತಾರೆ, ಮಗ ಮಾಡುತ್ತಾನೆ. ಖಾಲಿ ಸೈಟಿನಲ್ಲಿ ಏನಾಗುತ್ತದೆ ನೋಡಿ. ಒನ್ ಪಿಚ್ ಕ್ಯಾಚ್ ಹಿಡಿದರೆ ಔಟೋ ಅಲ್ಲವೋ, ಕಾಂಪೌಂಡ್ ದಾಟಿದ ಚೆಂಡು ಯಾರು ತರಬೇಕು, ಇಬ್ಬರು ಕಡಿಮೆಯಿದ್ದರೆ ತಂಡ ಹೇಗೆ ಮಾಡುವುದು, ಎಲ್ಲವನ್ನೂ ಮಕ್ಕಳೇ ಜಗಳವಾಡಿ ತೀರ್ಮಾನಿಸಬೇಕು. ಮುನಿಸಿಕೊಂಡು ಮನೆಗೆ ಹೋದರೆ ಆಟ ತಪ್ಪುತ್ತದೆ, ಆದ್ದರಿಂದ ಹತ್ತು ನಿಮಿಷದಲ್ಲಿ ಮುನಿಸು ನುಂಗಿಕೊಳ್ಳಬೇಕು. ತಮ್ಮನನ್ನು ಕರೆತಂದರೆ ಅವನು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಚಿಕ್ಕವನಿಗೆ ನೋವಾಗದೆ, ಆಟವೂ ಕೆಡದೆ ನಡೆಯುವ ಇಂಥ ನಿಯಮವನ್ನು ಯಾವ ಅಕಾಡೆಮಿಯೂ ಕಲಿಸಲಿಲ್ಲ, ಬೀದಿಯ ಮಕ್ಕಳು ತಲೆತಲಾಂತರದಿಂದ ನಡೆಸಿಕೊಂಡು ಬಂದಿದ್ದಾರೆ. ಕೋಪ ತಡೆದುಕೊಳ್ಳುವುದು, ತನ್ನ ಸರದಿಗೆ ಕಾಯುವುದು, ಇನ್ನೊಬ್ಬರ ಮುಖ ನೋಡಿ ಮನಸ್ಸು ಅರಿಯುವುದು ಕಲಿಯುವ ಜಾಗ ಅದು. ನನ್ನ ಬಳಿ ಬರುವ ಹದಿನೈದು, ಹದಿನಾರರ ಮಕ್ಕಳಲ್ಲಿ ಅಂಕಕ್ಕೆ ಕೊರತೆಯಿಲ್ಲ. ಆದರೆ ಒಂದು ಸೋಲನ್ನು ಮರುದಿನದವರೆಗೆ ಹೊತ್ತು ನಡೆಯಲು ಅವರಿಗೆ ಆಗುವುದಿಲ್ಲ.

ಇನ್ನು ಮೈಯ ಲೆಕ್ಕ. ಬೆಳೆಯುವ ಮೂಳೆಗೆ, ಕೀಲಿಗೆ ಒಂದೇ ಆಟದ ತರಬೇತಿಯಿಂದ ವಾರಕ್ಕೆ ಒಂದೆರಡು ದಿನವಾದರೂ ರಜೆ ಬೇಕು. ಅದೇ ತೋಳಿನಿಂದ ದಿನವೂ ಬೌಲಿಂಗ್ ಮಾಡಿದ ಮಕ್ಕಳು ಹೆಗಲು, ಬೆನ್ನುನೋವೆಂದು ಬರುತ್ತಾರೆ. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಬಿಡುವು ಮತ್ತು ಆಟವನ್ನು ಹಕ್ಕು ಎಂದು ಹೇಳುತ್ತದೆ. ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ನಿಮ್ಮ ಮಗ ಕೇಳುತ್ತಿರುವುದು ಅಷ್ಟೇ. ಅಬಾಕಸ್ ಬಿಡಿಸಿ. ಸೈಟಿಗೆ ಕಳಿಸಿ, ನೀವು ಮಾತ್ರ ಹಿಂದೆ ಹೋಗಿ ನಿಂತು ಸ್ಟಾನ್ಸ್ ತಿದ್ದಬೇಡಿ.

● ನಾನು ನಿವೃತ್ತ ಅಧಿಕಾರಿ. ನಮ್ಮ ಬಡಾವಣೆಯ ಪಾರ್ಕ್‌ನಲ್ಲಿ ಸಂಜೆ ಮಕ್ಕಳ ಗಲಾಟೆ ಹೇಳತೀರದು. ಚೆಂಡು ಬಂದು ವಾಕಿಂಗ್ ಮಾಡುವವರಿಗೆ ತಗಲುತ್ತದೆ. ‘ಆಟ ನಿಷೇಧ’ ಎಂದು ನಮ್ಮ ಸಂಘ ಫಲಕ ಹಾಕಿಸಿದೆ. ಇದರಲ್ಲಿ ತಪ್ಪೇನು?
— ಬೆಂಗಳೂರು

ಚೆಂಡು ತಗಲಿ ಹಿರಿಯರು ಬಿದ್ದರೆ ಸೊಂಟದ ಮೂಳೆಯೇ ಮುರಿದೀತು, ತಮ್ಮ ದೂರು ನ್ಯಾಯವಾದದ್ದು. ಫಲಕ ಮಾತ್ರ ನ್ಯಾಯವಲ್ಲ.

ತಾವು ಅಧಿಕಾರಿಯಾಗಿದ್ದವರು, ಆದ್ದರಿಂದ ನೆನಪಿರಬಹುದು. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಪಾರ್ಕಿಗೆಂದು ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಾಗ ಅಲ್ಲಿನ ನಿವಾಸಿಗಳು ಕೋರ್ಟಿಗೆ ಹೋದರು. ಹೈಕೋರ್ಟ್ ಆ ಹಂಚಿಕೆಯನ್ನು ರದ್ದುಮಾಡಿತು, 1991ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಬಡಾವಣೆಯ ಪಾರ್ಕು, ಆಟದ ಬಯಲು ಜನರ ಆರೋಗ್ಯಕ್ಕೆ ಅಗತ್ಯ, ಅದನ್ನು ಬೇರೆ ಉದ್ದೇಶಕ್ಕೆ ತಿರುಗಿಸಲಾಗದು ಎಂಬುದು ಆ ತೀರ್ಪಿನ ತಿರುಳು. ಉದ್ಯಾನ, ಆಟದ ಬಯಲು, ತೆರೆದ ಜಾಗಗಳ ರಕ್ಷಣೆಗೆಂದು ಕರ್ನಾಟಕದಲ್ಲಿ 1985ರಿಂದ ಪ್ರತ್ಯೇಕ ಕಾಯ್ದೆಯೇ ಇದೆ. ಆಸ್ಪತ್ರೆಗೂ ಬಿಟ್ಟುಕೊಡದೆ ಹಿರಿಯರು ಹೋರಾಡಿ ಉಳಿಸಿಕೊಂಡ ಇಂಥ ಜಾಗಗಳಿಂದ ಮಕ್ಕಳನ್ನು ಓಡಿಸುವುದು ಸರಿಯೇ?

ಒಳಗೆ ಜಾಗ ಸಿಗದ ಮಕ್ಕಳು ರಸ್ತೆಯಲ್ಲಿ ಆಡುತ್ತಾರೆ, ಇಲ್ಲವೇ ಮೊಬೈಲ್ ಹಿಡಿಯುತ್ತಾರೆ. ರಸ್ತೆಯಲ್ಲಿ ಬೈಕು, ಬೀದಿನಾಯಿ. ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆ ಶುರುಮಾಡಬೇಕು. ಅದೂ ಎಲ್ಲ ಓದುಗರಿಗೆ ತಿಳಿದಿರಲಿ.

ದಾರಿ ಸುಲಭವಿದೆ. ನಡಿಗೆಯ ಪಥ ಬಿಟ್ಟು ನಡುವಿನ ಹುಲ್ಲುಹಾಸನ್ನು ಸಂಜೆ ನಾಲ್ಕರಿಂದ ಆರೂವರೆವರೆಗೆ ಮಕ್ಕಳಿಗೆ ಕೊಡಿ. ಕಾರ್ಕ್ ಚೆಂಡು ಬೇಡ, ಟೆನ್ನಿಸ್ ಚೆಂಡು ಆದೀತು. ಪಥದ ಅಂಚಿಗೆ ಆಳೆತ್ತರದ ಗಿಡದ ಬೇಲಿ ಹಾಕಿಸಿ. ನಿಯಮ ಮಾಡುವಾಗ ಮಕ್ಕಳಲ್ಲಿ ಇಬ್ಬರನ್ನು ಸಭೆಗೆ ಕರೆಯಿರಿ, ತಾವೇ ಒಪ್ಪಿದ ನಿಯಮವನ್ನು ಅವರು ಮುರಿಯುವುದು ಕಡಿಮೆ. ಗಾಲಿಕುರ್ಚಿಯಲ್ಲಿ ಬರುವ ಮಗು ಒಂದಿದ್ದರೂ ಗೇಟಿನಲ್ಲಿ ಇಳಿಜಾರು ಮಾಡಿಸಿ, ಅದು ತಮ್ಮ ವಯಸ್ಸಿನವರಿಗೂ ಬೇಕಾಗುತ್ತದೆ. ಮತ್ತೆ ಆ ಫಲಕವನ್ನು ಈ ವಾರವೇ ತೆಗೆಸಿಬಿಡಿ.